ಯಾರಿಗೆ ನೀನು, ಯಾರಿಗೆ ನೀವು

ಆಷಾಢದ ಒಂದು ಸಂಜೆ. ಬಾಳೆಹೊನ್ನೂರಿನಲ್ಲಿ ಮೂರು ದಿನದಿಂದ ಮಳೆ ಹೊಡೆಯುತ್ತಲೇ ಇದೆ. ಭದ್ರೆ ಕೆಂಪಾಗಿ ದಡ ತಿನ್ನುತ್ತಾ ಹರಿಯುತ್ತಿದ್ದಾಳೆ. ಕರೆಂಟು ಮಧ್ಯಾಹ್ನವೇ ಹೋಗಿದೆ. ಪೇಟೆಯಿಂದ ಸ್ವಲ್ಪ ಮೇಲೆ, ಕಾಫಿ ತೋಟದ ಅಂಚಿನಲ್ಲಿರುವ ಹಂಚಿನ ಮನೆಯ ಬಚ್ಚಲಲ್ಲಿ ಹಂಡೆ ಒಲೆ ಉರಿಯುತ್ತಿದೆ. ಒಲೆಯ ಮುಂದೆ ಇಬ್ಬರು ಕೂತಿದ್ದಾರೆ. ಒಬ್ಬರು ಮನೆಯೊಡತಿ: ಎಪ್ಪತ್ತು ದಾಟಿದ ಕೊಂಕಣಿ ಕಥೋಲಿಕ ಹೆಂಗಸು. ತೋಟವೊಂದರಲ್ಲಿ ರೈಟರಾಗಿದ್ದ ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಇನ್ನೊಬ್ಬಳು ಪಕ್ಕದ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ: ಹಾಸನದ ಸಿಎಸ್‌ಐ ಮನೆತನದವಳು, ಇಲ್ಲಿನ ಬ್ಯಾಂಕೊಂದರಲ್ಲಿ ಕೆಲಸ. ಹುಡುಗಿ ಈಗಷ್ಟೇ ನೆನೆದು ಬಂದು ಕೂದಲು ಒಣಗಿಸಿಕೊಳ್ಳುತ್ತಿದ್ದಾಳೆ. ಹಿರಿಯಾಕೆ ಹಲಸಿನ ಬೀಜದ ಬುಟ್ಟಿ ಮುಂದಿಟ್ಟುಕೊಂಡು, ಒಂದೊಂದು ಬೀಜಕ್ಕೂ ಚಾಕುವಿನಿಂದ ಸಣ್ಣ ಗೀರು ಹಾಕುತ್ತಿದ್ದಾರೆ.

ಹಿರಿಯಾಕೆ: ಇಷ್ಟು ಹೊತ್ತು ಎಂತ ಮಾಡಿದ್ದು ಮಾರಾಯ್ತಿ? ನನ್ನ ತೇರ್ಸು ಜಪಸರ ಮುಗಿದು ಅರ್ಧ ಗಂಟೆ ಆಯ್ತು.

ಕಿರಿಯಾಕೆ: ಸರ್ವರ್ ಇರಲಿಲ್ಲಮ್ಮ. ಮಳೆ ಬಂದ್ರೆ ಅದೂ ಮಲಗಿಬಿಡುತ್ತೆ. ಜನ ಮಾತ್ರ ಕದಲಲ್ಲ. ತೋಟದ ಕೂಲಿಗಳ ಲೈನ್ ಮನೆಯ ಒಬ್ಬಳು ಅಜ್ಜಿ, ಪಾಸ್‌ಬುಕ್ಕನ್ನ ಪ್ಲಾಸ್ಟಿಕ್ಕಲ್ಲಿ ಸುತ್ಕೊಂಡು ಬಾಗಿಲು ಹಾಕೋವರೆಗೂ ನಿಂತಿದ್ಳು. "ನಾಳೆ ಬಾ" ಅಂತ ಕಳಿಸಿದೆ. ಅದಿರಲಿ, ನಿಮ್ಮ ತೇರ್ಸು ನಂಗೆ ಗೋಡೆಯಾಚೆಯಿಂದ ಕೇಳಿಸುತ್ತೆ. ಕೊಂಕಣಿ ಅರ್ಥವಾಗಲ್ಲ. ಆದ್ರೆ ಜಪ ಮುಗಿದ ಮೇಲೂ ಯಾರ ಜೊತೆಗೋ ಮಾತಾಡ್ತಾ ಇರ್ತೀರಲ್ಲ, ಅದು ಯಾರ ಜೊತೆ? ಫೋನಾ?

ಹಿರಿಯಾಕೆ: ಫೋನಿಗೆ ಇಲ್ಲಿ ಸಿಗ್ನಲ್ ಎಲ್ಲಿ ಉಂಟು? ಅವನ ಜೊತೆ. ಆಲ್ತಾರಿನಲ್ಲಿ, ದೇವರ ಪೀಠದ ಮೇಲೆ ಇದ್ದಾನಲ್ಲ, ಅವನ ಜೊತೆ.

ಕಿರಿಯಾಕೆ: ನಿನ್ನೆ ಬೈತಾ ಇದ್ದ ಹಾಗಿತ್ತು.

ಹಿರಿಯಾಕೆ: ಬೈದೆ. ಅಡಿಕೆಗೆ ಕೊಳೆ ಔಷಧಿ ಹೊಡೆಸಬೇಕು, ಒಂದು ದಿನ ಹೊಳವು ಕೊಡು ಅಂತ ಕೇಳಿ ನಾಲ್ಕು ದಿನ ಆಯ್ತು. ಕೊಟ್ಟನಾ?

ಕಿರಿಯಾಕೆ: ನಂಗೆ ಅದೇ ಸೋಜಿಗ. ಹೋದ ತಿಂಗಳು ನಿಮ್ಮ ಜೊತೆ ಚರ್ಚಿಗೆ ಬಂದಿದ್ನಲ್ಲ, ಕನ್ನಡ ಪೂಜೆಗೆ. ಕರ್ತನ ಪ್ರಾರ್ಥನೆ ಬಂದಾಗ ರೂಢಿಯಂತೆ ನಾನು "ನಿನ್ನ" ಅಂತ ಶುರುಮಾಡಿದೆ. ಸುತ್ತ ಇದ್ದವರೆಲ್ಲ "ನಿಮ್ಮ" ಅಂದ್ರು. ನೀವೂ "ನಿಮ್ಮ" ಅಂದ್ರಿ. ಅಷ್ಟು ಮರ್ಯಾದೆ ಕೊಟ್ಟವರು ಮನೆಗೆ ಬಂದು ಅವನಿಗೇ ಬೈಯೋದಾ?

ಹಿರಿಯಾಕೆ: (ನಗುತ್ತಾ) ಸರಿಯಾಗಿ ಹಿಡಿದೆ. ನಿಮ್ಮ ಬೈಬಲ್ಲಿನಲ್ಲಿ "ನಿನ್ನ", ನಮ್ಮ ಕನ್ನಡ ಪೂಜೆಯಲ್ಲಿ "ನಿಮ್ಮ". ಮನೆಯಲ್ಲಿ ಕೊಂಕಣಿಯಲ್ಲಿ ಹೇಳುವಾಗ ನನಗೂ "ತುಜೆಂ", ಅಂದ್ರೆ ಏಕವಚನ. ಎನ್.ಆರ್. ಪುರದ ಕಡೆ ಕೇರಳದಿಂದ ಬಂದು ನೆಲೆ ನಿಂತವರಿದ್ದಾರಲ್ಲ, ಅವರಲ್ಲೂ ಹೀಗೇ. ಸಿರೋ ಮಲಬಾರಿನವರು "ಅಂಗಯುಡೆ" ಅಂತ ಬಹಳ ಗೌರವದಲ್ಲಿ ಹೇಳ್ತಾರೆ. ಯಾಕೋಬಾಯದವರು, ಆರ್ಥೊಡಾಕ್ಸ್‌ನವರು "ನಿಂಡೆ" ಅಂತಾರೆ, ನಿಮ್ಮ "ನಿನ್ನ" ಇದ್ದ ಹಾಗೆ. ಪ್ರಾರ್ಥನೆ ಒಂದೇ, ತಾಲ್ಲೂಕು ಒಂದೇ. ಪಾಪ, ಅವನಿಗೆ ಬೆಳಗಾದರೆ ಒಂದು ಕಡೆಯಿಂದ ಏಕವಚನ, ಇನ್ನೊಂದು ಕಡೆಯಿಂದ ಬಹುವಚನ.

ಕಿರಿಯಾಕೆ: ಯಾವುದು ಸರಿ ಮತ್ತೆ?

ಹಿರಿಯಾಕೆ: ನಮ್ಮ ದೊಡ್ಡಣ್ಣ ಪಾದ್ರಿಯಾಗಿದ್ದ. ಅವನನ್ನು ನಾನೂ ಇದೇ ಕೇಳಿದ್ದೆ. ನಾನು ಸಣ್ಣವಳಿದ್ದಾಗ ಪೂಜೆ ಲ್ಯಾಟಿನಿನಲ್ಲಿ ಇತ್ತು. 1962ರಿಂದ 65ರವರೆಗೆ ವ್ಯಾಟಿಕನ್ನಿನಲ್ಲಿ ದೊಡ್ಡ ಸಭೆ ನಡೆಯಿತಲ್ಲ, ಅದಾದ ಮೇಲೆ ನಮ್ಮ ನಮ್ಮ ಭಾಷೆ ಬಂತು. ಆಗ ಈ "ನಿಮ್ಮ" ಕಿವಿಗೆ ಬಿತ್ತು. ಅಣ್ಣ ಹೇಳಿದ: ಯೇಸು ಆಡಿದ ಅರಮಾಯದಲ್ಲಾಗಲಿ, ಸುವಾರ್ತೆ ಬರೆದ ಗ್ರೀಕಿನಲ್ಲಾಗಲಿ ಎದುರಿಗಿರುವ ಒಬ್ಬನಿಗೆ ಮರ್ಯಾದೆಗೆ ಅಂತ ಬಹುವಚನ ಹಚ್ಚುವ ಪದ್ಧತಿ ಇರಲಿಲ್ಲ. ಎದುರಿಗೆ ರಾಜನಿದ್ದರೂ ಅದೇ ಪದ, ಮಗುವಿದ್ದರೂ ಅದೇ ಪದ. ಹಾಗಾಗಿ ಕನ್ನಡಕ್ಕೆ ತಂದವರು ಎರಡರಲ್ಲಿ ಒಂದನ್ನು ಆರಿಸಲೇಬೇಕಾಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ಕೂತ. 1830ರ ದಶಕದ ಹೊತ್ತಿಗೆ ಕನ್ನಡದಲ್ಲಿ ಪೂರ್ತಿ ಬೈಬಲ್ ಇತ್ತು. ಶರಣರು, ದಾಸರು ದೇವರನ್ನು "ನೀನು" ಅಂತ ಕರೆದ ನಾಡು ಇದು. ನಿಮ್ಮವರ ಕಿವಿಗೆ ಅದು ಸಹಜ ಅನಿಸಿರಬೇಕು. ನಮ್ಮವರಿಗೆ, ಹೆತ್ತ ಅಪ್ಪನಿಗೇ ಬಹುವಚನ ಕೊಡುವಾಗ ಸ್ವರ್ಗದ ಅಪ್ಪನಿಗೆ ಏಕವಚನವೇ ಅಂತ ಅಳುಕಿರಬೇಕು. ನನ್ನ ಲೆಕ್ಕಕ್ಕೆ ಎರಡೂ ಅರ್ಧರ್ಧ ಸರಿ.

ಕಿರಿಯಾಕೆ: ನಾನು ಮನೇಲಿ ಅಮ್ಮನಿಗೆ "ನೀನು" ಅಂತೀನಿ, ಅಪ್ಪನಿಗೆ "ನೀವು". ಅಪ್ಪನ ಹತ್ರ ಎಟಿಎಂ ಪಿನ್ ಬೇಕಾದ್ರೂ ಹೇಳ್ತೀನಿ, ಮನಸ್ಸಿನ ಮಾತು ಅಮ್ಮನ ಹತ್ರ ಮಾತ್ರ. ಈಗ ನಿಮ್ಮ ಮಾತು ಕೇಳಿದ ಮೇಲೆ ಒಂದು ಗೊತ್ತಾಗ್ತಿದೆ. ದೇವರಿಗೆ ಹುಟ್ಟಿದಾಗಿಂದ "ನೀನು" ಅಂತಿದ್ದೀನಿ. ಆದ್ರೆ ಅದು ಅಮ್ಮನಿಗೆ ಹೇಳೋ "ನೀನು" ಅಲ್ಲ. ಪುಸ್ತಕದಲ್ಲಿ ಅಚ್ಚಾಗಿರೋ "ನೀನು".

ಹಿರಿಯಾಕೆ: ನನ್ನದು ಉಲ್ಟಾ. ಚರ್ಚಿನಲ್ಲಿ "ನೀವು" ಅಂದು ಬಂದು, ಮನೆಯಲ್ಲಿ ಚಿಮಣಿ ದೀಪ ಹಚ್ಚಿ "ತೂಂ" ಅಂತ ಶುರುಮಾಡ್ತೇನೆ.

ಕಿರಿಯಾಕೆ: ನಮ್ಮ ಯುವಜನರ ಕ್ಯಾಂಪಲ್ಲಿ ಒಬ್ರು ಹೇಳಿದ್ರು, ಯೇಸು ದೇವರನ್ನ "ಅಬ್ಬಾ" ಅಂತ ಕರೆದ, ಅಂದ್ರೆ "ಡ್ಯಾಡಿ" ಅಂತ. ನೀವೂ "ಡ್ಯಾಡಿ" ಅಂತ ಕಣ್ಮುಚ್ಚಿ ಕರೀರಿ ಅಂದ್ರು. ಕರೆದೆ. ನಂಗೆ ನಗು ಬಂತು.

ಹಿರಿಯಾಕೆ: ಅದೊಂದು ದೊಡ್ಡ ಕತೆ. ಯೆರೆಮಿಯಾಸ್ ಅಂತ ಒಬ್ಬ ಜರ್ಮನ್ ಪಂಡಿತನ ಬರಹದಿಂದ ಆ ಮಾತು ಊರೆಲ್ಲ ಹಬ್ಬಿತು, ಅಬ್ಬಾ ಅನ್ನುವುದು ಮಗುವಿನ ತೊದಲು ಮಾತು ಅಂತ. 1988ರಲ್ಲಿ ಜೇಮ್ಸ್ ಬಾರ್ ಅನ್ನುವ ಇನ್ನೊಬ್ಬ ಪಂಡಿತ ಹಾಗಲ್ಲ ಅಂತ ಲೇಖನ ಬರೆದ. ಗಡ್ಡ ಮೀಸೆ ಬಂದ ಮಕ್ಕಳೂ ಅಪ್ಪನನ್ನು ಹಾಗೇ ಕರೆಯುತ್ತಿದ್ದರಂತೆ. ಅಣ್ಣ ಇದನ್ನು ಹೇಳಿದಾಗ ನನಗೆ ತಟ್ಟನೆ ಹೊಳೆದದ್ದು ನಮ್ಮ ಕೊಪ್ಪ, ಶೃಂಗೇರಿ ಕಡೆಯ ಮನೆಗಳು. ಅಲ್ಲಿ ಮಕ್ಕಳು ಅಪ್ಪನನ್ನು ಎಂತ ಕರೀತಾರೆ?

ಕಿರಿಯಾಕೆ: ಅಪ್ಪಯ್ಯ.

ಹಿರಿಯಾಕೆ: ನೋಡು. ಅಪ್ಪನೂ ಹೌದು, ಅಯ್ಯನೂ ಹೌದು. ತೊಡೆ ಮೇಲೆ ಹತ್ತಿ ಕೂರುವುದೂ ಅದರಲ್ಲಿ ಉಂಟು, ಎದುರು ಬಂದಾಗ ಎದ್ದು ನಿಲ್ಲುವುದೂ ಉಂಟು. ಅಬ್ಬಾ ಅನ್ನುವ ಪದಕ್ಕೆ ಮಲೆನಾಡಿನವರ ಹತ್ತಿರ ರೆಡಿ ಪದ ಇತ್ತು.

ಕಿರಿಯಾಕೆ: ಕನ್ನಡದಲ್ಲಿ "ಅಬ್ಬಾ" ಅನ್ನೋದೂ ಇದೆಯಲ್ಲ! ಸೌದೆ ಹೊರೆ ಇಳಿಸಿದ ಮೇಲೆ ಸೊಂಟ ಹಿಡ್ಕೊಂಡು ಅಂತಾರಲ್ಲ, ಅದು.

ಹಿರಿಯಾಕೆ: ಅದೂ ಪ್ರಾರ್ಥನೆಯೇ ಅಂತ ಇಟ್ಟುಕೋ, ನಷ್ಟ ಎಂತ? ಹೊಸ ಒಡಂಬಡಿಕೆಯಲ್ಲಿ ಆ ಅರಮಾಯದ ಪದ ಹಾಗೇ ಉಳಿದಿರುವುದು ಮೂರೇ ಕಡೆ. ಎರಡು ಕಡೆ ಪೌಲನ ಪತ್ರಗಳಲ್ಲಿ. ಇನ್ನೊಂದು ಮಾರ್ಕನ ಸುವಾರ್ತೆಯಲ್ಲಿ, ಯೇಸುವಿನ ಬಾಯಲ್ಲಿ. ಯಾವಾಗ ಗೊತ್ತುಂಟಾ? ಗೆತ್ಸೆಮನೆಯಲ್ಲಿ, ಹಿಡಿದುಕೊಂಡು ಹೋಗುವ ರಾತ್ರಿ, ಜೀವ ನಡುಗುತ್ತಿರುವಾಗ. ಈ ಪಾತ್ರೆ ನನ್ನಿಂದ ತಪ್ಪಲಿ ಅಂತ ಕೇಳುವ ಜಾಗದಲ್ಲಿ. ಸಲಿಗೆಯ ಪದ ಬಂದಿರುವುದು ಭಯದ ರಾತ್ರಿಯಲ್ಲಿ. ಹೆದರಿಕೆ ಆದದ್ದನ್ನು ಹೆದರಿಕೆ ಅಂತಲೇ ಹೇಳಲಿಕ್ಕೆ ಆದರೆ ಅದು ಸಲಿಗೆ.

ಕಿರಿಯಾಕೆ: ನಂದೊಂದು ನೋಟ್‌ಬುಕ್ ಇದೆ. ದಿನಾ ಬೆಳಿಗ್ಗೆ ಬೇಡಿಕೆ ಬರೀತೀನಿ. ಅಪ್ಪನ ಶುಗರ್, ತಮ್ಮನ ಕೆಲಸ, ನನ್ನ ವರ್ಗಾವಣೆ. ಉತ್ತರ ಸಿಕ್ಕಿದ್ದಕ್ಕೆ ಟಿಕ್ ಹಾಕ್ತೀನಿ. ತಮ್ಮನ ಕೆಲಸಕ್ಕೆ ಟಿಕ್ ಬಿತ್ತು. ಒಂದೆರಡು ದಿನ ಖುಷಿ. ಆಮೇಲೆ ದೇವರು ಮತ್ತೆ ಅಷ್ಟೇ ದೂರ.

ಹಿರಿಯಾಕೆ: ನಿನ್ನ ಕೌಂಟರಿಗೆ ಜನ ಬರ್ತಾರಲ್ಲ, ಸಾಲ ಮಂಜೂರಾದ ಮೇಲೆ ಸುಮ್ಮನೆ ನಿನ್ನನ್ನು ಮಾತಾಡಿಸಿ ಹೋಗುವ ಅಂತ ಯಾರಾದ್ರೂ ಬಂದದ್ದುಂಟಾ?

ಕಿರಿಯಾಕೆ: ಯಾರು ಬರ್ತಾರೆ! ಕಂತು ಕಟ್ಟೋಕೂ ಬರಲ್ಲ.

ಹಿರಿಯಾಕೆ: ಆ ಕೌಂಟರಿನ ಒಳಗೆ ಅವನನ್ನು ಕೂರಿಸಿದ್ದೀ ನೀನು. ಕೇಳಬೇಡ ಅಂತ ನಾನು ಹೇಳುವುದಿಲ್ಲ. ಯೇಸುವೇ ಕೇಳಿ ಅಂದಿದ್ದಾನೆ. ನಡುರಾತ್ರಿ ಗೆಳೆಯನ ಬಾಗಿಲು ಬಡಿದು ರೊಟ್ಟಿ ಕೇಳುವವನ ಕತೆ ಲೂಕನಲ್ಲಿ ಉಂಟಲ್ಲ. ಆದರೆ ನಡುರಾತ್ರಿ ಯಾರ ಬಾಗಿಲು ಬಡಿಯಲಿಕ್ಕಾಗುತ್ತದೆ ಹೇಳು? ಹೋಗಿ ಬಂದು ಬಳಕೆ ಇರುವ ಮನೆಯ ಬಾಗಿಲು. ಆ ಬಳಕೆ ಹಗಲು ಹೊತ್ತಿನಲ್ಲಿ ಬೆಳೆದಿರಬೇಕು.

ಕಿರಿಯಾಕೆ: ಹಾಗಾದ್ರೆ ಏನೂ ಕೇಳದೆ ಸುಮ್ನೆ ಕೂತ್ಕೊಂಡು ಏನ್ ಮಾಡೋದು?

ಹಿರಿಯಾಕೆ: ರಂಭಾಪುರಿ ಪೀಠದ ಕಡೆ ನನಗೊಬ್ಬಳು ಗೆಳತಿ ಇದ್ದಾಳೆ, ಲಿಂಗಾಯತರವಳು. ನಾವಿಬ್ಬರೂ ಮದುವೆಯಾಗಿ ಈ ಊರಿಗೆ ಬಂದದ್ದು ಒಂದೇ ವರ್ಷ. ಒಂದು ಸಲ ಬೆಳಿಗ್ಗೆ ಹಾಲಿಗೆ ಅಂತ ಅವಳ ಮನೆಗೆ ಹೋದೆ. ಸ್ನಾನ ಮಾಡಿ, ಇಷ್ಟಲಿಂಗ ಎಡಗೈ ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದಳು. ತುಟಿ ಅಲ್ಲಾಡುತ್ತಿರಲಿಲ್ಲ. ನೋಡುತ್ತಿದ್ದಳು, ಅಷ್ಟೇ. ನಾನು ಬಾಗಿಲಲ್ಲಿ ನಿಂತದ್ದೂ ಗೊತ್ತಾಗಲಿಲ್ಲ ಅವಳಿಗೆ. ಆಮೇಲೆ ಕೇಳಿದೆ, ಎಂತ ಬೇಡಿದ್ದು ಮಾರಾಯ್ತಿ ಅಂತ. "ಬೇಡೋಕೆ ಮರ್ತೇ ಹೋಯ್ತು" ಅಂದಳು. ಅಣ್ಣನಿಗೆ ಇದನ್ನು ಹೇಳಿದ್ದಕ್ಕೆ ಅವನು ಫ್ರಾನ್ಸಿನ ಆರ್ಸ್ ಅನ್ನುವ ಹಳ್ಳಿಯ ಕತೆ ಹೇಳಿದ. ಅಲ್ಲಿನ ಪಾದ್ರಿ ಜಾನ್ ಮರಿಯ ವಿಯಾನ್ನಿ. 1859ರಲ್ಲಿ ತೀರಿಕೊಂಡವರು, ಈಗ ಸಂತರು. ಒಬ್ಬ ರೈತ ದಿನಾ ಚರ್ಚಿಗೆ ಬಂದು ಗಂಟೆಗಟ್ಟಲೆ ಸುಮ್ಮನೆ ಕೂರುತ್ತಿದ್ದನಂತೆ. ಎಂತ ಮಾಡ್ತೀ ಅಂತ ಪಾದ್ರಿ ಕೇಳಿದರೆ, ನಾನು ಅವನನ್ನು ನೋಡ್ತೇನೆ, ಅವನು ನನ್ನನ್ನು ನೋಡ್ತಾನೆ ಅನ್ನುವ ಅರ್ಥದಲ್ಲಿ ಏನೋ ಹೇಳಿದನಂತೆ. ಆ ರೈತ ಕೂತಂತೆಯೇ ನನ್ನ ಗೆಳತಿ ಕೂತಿದ್ದಳು. ನಂಬಿಕೆ ಅವಳದು ಅವಳಿಗೆ, ನನ್ನದು ನನಗೆ. ಆದರೆ ಸುಮ್ಮನೆ ಎದುರಿಗೆ ಕೂರುವುದನ್ನು ನಾನು ಕಲಿತದ್ದು ಅವಳ ಮನೆಯ ಬಾಗಿಲಲ್ಲಿ ನಿಂತು.

ಕಿರಿಯಾಕೆ: ಒಂದು ಹೇಳ್ಲಾ? "ದೇವರ ಮೇಲೆ ಪ್ರೀತಿ" ಅನ್ನೋಕೆ ನಂಗೆ ನಾಚಿಕೆ ಆಗುತ್ತೆ. ಭಕ್ತಿ ಅಂದ್ರೆ ಸರಿ. ಪ್ರೀತಿ ಅಂದ್ರೆ ಸಿನಿಮಾ ಥರ. 'ಪರಮಗೀತೆ' ಬೈಬಲ್ಲಲ್ಲಿ ಯಾಕಿದೆ ಅಂತ ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ಭಾನುವಾರದ ಶಾಲೆಯ ಟೀಚರ್ ಪುಟ ತಿರುಗಿಸಿಬಿಟ್ರು.

ಹಿರಿಯಾಕೆ: ಬೆರ್ನಾರ್ದ್ ಅಂತ ಒಬ್ಬ ಸನ್ಯಾಸಿ, ಹನ್ನೆರಡನೇ ಶತಮಾನದವನು, ಆ ಪುಸ್ತಕದ ಮೇಲೆ 86 ಪ್ರಸಂಗ ಮಾಡಿ ಮೂರನೇ ಅಧ್ಯಾಯದ ಬಾಗಿಲಿಗೆ ಬರುವಷ್ಟರಲ್ಲಿ ತೀರಿಕೊಂಡ. ಅದೇ ಶತಮಾನದಲ್ಲಿ ಇಲ್ಲೇ ಶಿವಮೊಗ್ಗ ಜಿಲ್ಲೆಯ ಉಡುತಡಿಯ ಅಕ್ಕ ಚೆನ್ನಮಲ್ಲಿಕಾರ್ಜುನನನ್ನೇ ಗಂಡ ಅಂದಳು. ಅವರಿಬ್ಬರಿಗೂ ನಾಚಿಕೆ ಆಗಲಿಲ್ಲ. ನಿನಗೆ ಕಷ್ಟವಾದರೆ ಆ ಪದ ಬಿಡು. ಪದ ಹಿಂದಿನಿಂದ ಬರ್ತದೆ.

(ಹಿರಿಯಾಕೆ ಹಿಡಿ ಬೀಜ ತೆಗೆದು ಕೆಂಡದ ಅಂಚಿಗೆ ಸುರಿದು, ಕಡ್ಡಿಯಿಂದ ಬೂದಿ ಎಳೆಯುತ್ತಾರೆ. ಹುಡುಗಿಯೂ ಬುಟ್ಟಿಯಿಂದ ನಾಲ್ಕು ಬೀಜ ಎತ್ತಿ ಎಸೆಯುತ್ತಾಳೆ.)

ಹಿರಿಯಾಕೆ: ಅಯ್ಯೋ, ಅದಕ್ಕೆ ಗೀರು ಹಾಕಿಲ್ಲ! ಹಿಂದೆ ಸರಿ.

(ಎರಡು ಬೀಜ ಫಟ್ ಅಂತ ಸಿಡಿದು ಬೂದಿ ಹಾರುತ್ತದೆ. ಹುಡುಗಿ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಾಳೆ.)

ಕಿರಿಯಾಕೆ: ಒಂದು ಸಣ್ಣ ಗೀರಿಗೆ ಇಷ್ಟೆಲ್ಲ ಇದೆಯಾ?

ಹಿರಿಯಾಕೆ: ಒಳಗೆ ನೀರಿನಂಶ ಉಂಟಲ್ಲ, ಕಾದರೆ ಹಬೆ. ಹೊರಗೆ ಹೋಗಲಿಕ್ಕೆ ಎಲ್ಲಾದರೂ ದಾರಿ ಬೇಕು. ನಮ್ಮ ಕೀರ್ತನೆಗಳ ಪುಸ್ತಕದಲ್ಲಿ 150 ಕೀರ್ತನೆ ಉಂಟು. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಬರೀ ಗೋಳು, ಜಗಳ, ಎಲ್ಲಿ ಹೋದೆ ಅಂತ ಕೇಳುವುದು. 88ನೆಯದನ್ನು ಓದು. ಉಳಿದ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಗೆ ತಿರುಗುತ್ತವೆ. ಇದು ಕತ್ತಲಲ್ಲೇ ಮುಗೀತದೆ. ಅದನ್ನೂ ಪವಿತ್ರ ಪುಸ್ತಕದಲ್ಲಿ ಇಟ್ಟಿದ್ದಾರೆ, ತೆಗೆದು ಹಾಕಲಿಲ್ಲ. ಆ ಗೀರು ಹಾಕಿಕೊಟ್ಟವನು ದೇವರೇ.

ಕಿರಿಯಾಕೆ: ನೀವು ಯಾವಾಗಾದ್ರೂ ಹಾಗೆ...

ಹಿರಿಯಾಕೆ: ಇಂಥದ್ದೇ ಮಳೆ. ರಾತ್ರಿ ಹತ್ತೂವರೆಗೆ ನನ್ನವರಿಗೆ ಎದೆನೋವು ಬಂತು. ಜೀಪು ಸಿಕ್ಕಿತು. ದಾರಿಯಲ್ಲಿ ಮರ ಬಿದ್ದಿತ್ತು. ಡ್ರೈವರ್ ಕತ್ತಿ ತಗೊಂಡು ಕೊಂಬೆ ಕಡಿಯಲಿಕ್ಕೆ ಶುರುಮಾಡಿದ. ನಾನು ಅವರ ತಲೆ ತೊಡೆಯ ಮೇಲೆ ಇಟ್ಟುಕೊಂಡು ಜಪಸರ ಹೇಳುತ್ತಿದ್ದೆ. ಮೂರನೇ ಹತ್ತು ಮಣಿಗೆ ಬಂದಾಗ ಗೊತ್ತಾಯಿತು, ಇನ್ನು ಮರ ಕಡಿದು ಪ್ರಯೋಜನ ಇಲ್ಲ ಅಂತ. ಮಣ್ಣು ಮಾಡಿ ಬಂದ ಮೇಲೆ ಆಲ್ತಾರಿನ ಮುಂದೆ ನಿಂತು ಹೇಳಿದೆ: ಒಂದು ಮರ ತಡೆಯಲಿಕ್ಕೆ ನಿನ್ನಿಂದ ಆಗಲಿಲ್ಲ, ಇನ್ನು ನಿನಗೆ ದೀಪ ಇಲ್ಲ.

ಕಿರಿಯಾಕೆ: ಹಚ್ಚಲಿಲ್ವಾ?

ಹಿರಿಯಾಕೆ: ನಲವತ್ತು ದಿನ ಹಚ್ಚಲಿಲ್ಲ. ಆದರೆ ಒಂದು ತಮಾಷೆ ನೋಡು. ದಿನಾ ಏಳು ಗಂಟೆಗೆ ಸರಿಯಾಗಿ ಹೋಗಿ ಆಲ್ತಾರಿನ ಮುಂದೆ ನಿಂತು "ಇವತ್ತೂ ಹಚ್ಚುವುದಿಲ್ಲ" ಅಂತ ಹೇಳಿ ಬರುತ್ತಿದ್ದೆ. ಅಣ್ಣ ನಲವತ್ತನೇ ದಿನದ ಪೂಜೆಗೆ ಬಂದವನು ಇದನ್ನು ಕೇಳಿ ನಕ್ಕುಬಿಟ್ಟ. ನೀನು ಮೂವತ್ತು ವರ್ಷದಲ್ಲಿ ಒಂದು ದಿನವೂ ಇಷ್ಟು ಸರಿಯಾದ ಹೊತ್ತಿಗೆ ಪ್ರಾರ್ಥನೆಗೆ ಹೋದವಳಲ್ಲ ಅಂದ. ಅವತ್ತು ದೀಪ ಹಚ್ಚಿದೆ. ಮರದ ವಿಷಯಕ್ಕೆ ಅವನು ಇನ್ನೂ ಉತ್ತರ ಕೊಟ್ಟಿಲ್ಲ. ನಾನೂ ಕೇಳುವುದು ಬಿಟ್ಟಿಲ್ಲ.

(ಸ್ವಲ್ಪ ಹೊತ್ತು ಇಬ್ಬರೂ ಮಾತಾಡುವುದಿಲ್ಲ. ಹಂಚಿನ ಮೇಲೆ ಮಳೆ ಜೋರಾಗುತ್ತದೆ.)

ಕಿರಿಯಾಕೆ: ನಂಗೆ ಜಗಳವೂ ಇಲ್ಲಮ್ಮ. ಅದೇ ನನ್ನ ಕಷ್ಟ. ಒಣಕಲು. ಓದ್ತೀನಿ, ಪ್ರಾರ್ಥನೆ ಮಾಡ್ತೀನಿ, ಒಳಗೆ ಏನೂ ಅಲ್ಲಾಡಲ್ಲ. ಕ್ಯಾಂಪಿಗೆ ಹೋದ್ರೆ ಹಾಡು, ಗಿಟಾರು, ಕಣ್ಣೀರು ಎಲ್ಲ ಬರುತ್ತೆ. ವಾಪಸ್ ಬಂದು ಮೂರನೇ ದಿನಕ್ಕೆ ಮತ್ತೆ ಒಣಕಲು.

ಹಿರಿಯಾಕೆ: ನೀನು ಬಂದದ್ದು ಜೂನಿನಲ್ಲಿ, ಹೂವಿನ ಕಾಲ ನೋಡಿಲ್ಲ. ನನ್ನವರು ರೈಟರಾಗಿದ್ದಾಗ ಸೀಗೋಡಿನ ಕಾಫಿ ಸಂಶೋಧನಾ ಕೇಂದ್ರದವರ ಮಾತು ಕೇಳಿಕೊಂಡು ಬಂದು ಮನೆಯಲ್ಲಿ ಹೇಳುತ್ತಿದ್ದರು. 1925ರಲ್ಲಿ ಮೈಸೂರು ಸರ್ಕಾರ ಶುರುಮಾಡಿದ ಕೇಂದ್ರ ಅದು. ಕಾಫಿ ಗಿಡದಲ್ಲಿ ಮೊಗ್ಗು ಮಳೆ ಬರುವುದಕ್ಕೆ ಮೊದಲೇ ಕೂತಿರುತ್ತದೆ, ಅಕ್ಕಿಕಾಳಿನಷ್ಟು. ಅಲ್ಲೇ ನಿದ್ದೆ. ಜನವರಿ, ಫೆಬ್ರವರಿ ಒಣಹವೆ ಬೀಳಬೇಕು. ಎಲೆ ಜೋತು ಬೀಳಬೇಕು, ಗಿಡಕ್ಕೆ ನೀರಿನ ಬರ ತಟ್ಟಬೇಕು. ಆಮೇಲೆ ಮಾರ್ಚಿನಲ್ಲೋ ಏಪ್ರಿಲ್‌ನಲ್ಲೋ ಒಂದು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗೆ. ಆ ಒಣ ತಿಂಗಳು ಸರಿಯಾಗಿ ಇಲ್ಲದಿದ್ದರೆ ಹೂವು ಒಂದೇ ಸಮ ಏಳುವುದಿಲ್ಲ, ಅಲ್ಲೊಂದು ಇಲ್ಲೊಂದು.

ಕಿರಿಯಾಕೆ: ಅಂದ್ರೆ ಒಣಗೋದೂ ಬೇಕು ಅಂತೀರಾ?

ಹಿರಿಯಾಕೆ: ಬೇಕು ಅಂತ ನಾನು ಹೇಳಿದರೆ ನಿನಗೆ ಕೋಪ ಬಂದೀತು. ಒಣಗಿದೆ ಅಂದ ಕೂಡಲೇ ಗಿಡ ಸತ್ತಿದೆ ಅಂತ ಕೀಳಬೇಡ ಅಂತೇನೆ. ಸ್ಪೇನಿನ ಅವಿಲಾದ ಸಂತ ತೆರೇಸಾ ತನ್ನ ಜೀವನಕತೆಯಲ್ಲಿ ಪ್ರಾರ್ಥನೆಯನ್ನು ತೋಟಕ್ಕೆ ನೀರುಣಿಸುವುದಕ್ಕೆ ಹೋಲಿಸುತ್ತಾಳೆ. ಬಾವಿಯಿಂದ ಕೊಡದಲ್ಲಿ ಸೇದಿ ಹಾಕುವುದು ಒಂದು. ಚಕ್ರ ಕಟ್ಟಿ ಎತ್ತುವುದು ಎರಡು. ಹೊಳೆಯಿಂದ ಕಾಲುವೆ ತೋಡುವುದು ಮೂರು. ನಾಲ್ಕನೆಯದು ಮಳೆ. ಮಳೆಯಲ್ಲಿ ನಮ್ಮ ಕೈವಾಡ ಇಲ್ಲ. ಈಗ ತೋಟದವರು ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕ್ತಾರೆ. ನಿನ್ನ ಕ್ಯಾಂಪು ಸ್ಪ್ರಿಂಕ್ಲರ್ ಇದ್ದ ಹಾಗೆ. ತಪ್ಪು ಅಂತಲ್ಲ, ಆದರೆ ಅದನ್ನೇ ಮಳೆ ಅಂದುಕೊಂಡರೆ ಪಂಪು ನಿಂತ ದಿನ ದೇವರೇ ಇಲ್ಲ ಅನಿಸ್ತದೆ. ಕಲ್ಕತ್ತದ ಮದರ್ ತೆರೇಸಾರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದವಲ್ಲ, ಓದಿದ್ದೀಯಾ? ಹತ್ತಿರ ಹತ್ತಿರ ಐವತ್ತು ವರ್ಷ ಅವರಿಗೆ ಒಳಗೆ ಎಂಥದೂ ಅನಿಸಲಿಲ್ಲ. ಅಷ್ಟೂ ವರ್ಷ ದಿನಾ ಬೆಳಿಗ್ಗೆ ಎದ್ದು ಪೂಜೆಗೆ ಕೂತರು, ಆಮೇಲೆ ಬೀದಿಗೆ ಹೋದರು.

ಕಿರಿಯಾಕೆ: ಅದು ಕೇಳಿದ್ರೆ ಧೈರ್ಯವೂ ಆಗುತ್ತೆ, ಭಯವೂ ಆಗುತ್ತೆ.

ಹಿರಿಯಾಕೆ: ನನಗೂ. ಐವತ್ತು ವರ್ಷ ಸ್ವಲ್ಪ ಜಾಸ್ತಿಯೇ ಆಯ್ತು ಅಂತ ಅವನಿಗೆ ಹೇಳಿದ್ದೇನೆ.

ಕಿರಿಯಾಕೆ: ಸರಿ, ನಾಳೆ ಬೆಳಿಗ್ಗೆ ನಾನು ಏನ್ ಮಾಡ್ಲಿ ಹೇಳಿ. ನೋಟ್‌ಬುಕ್ ಬಿಡ್ಲಾ?

ಹಿರಿಯಾಕೆ: ಬಿಡಬೇಡ. ಟಿಕ್ ಹಾಕುವುದು ಬಿಡು. ಲೆಕ್ಕ ಇಟ್ಟರೆ ಸಲಿಗೆ ಬೆಳೆಯುವುದಿಲ್ಲ. ರಾತ್ರಿ ಮಲಗುವಾಗ ಆ ದಿನ ನಡೆದದ್ದನ್ನು ಒಂದು ಸಲ ಅವನ ಎದುರಿಗೆ ಬಿಚ್ಚು. ಎಲ್ಲಿ ಖುಷಿಯಾಯಿತು, ಎಲ್ಲಿ ಚುಚ್ಚಿತು, ಯಾರ ಮೇಲೆ ರೇಗಿದೆ. ಯೇಸು ಸಭೆ ಕಟ್ಟಿದ ಇಗ್ನೇಷಿಯಸ್ ತನ್ನವರಿಗೆ ಕಲಿಸಿದ್ದು ಇದನ್ನೇ. ಐದು ಹತ್ತು ನಿಮಿಷದ ಕೆಲಸ. ಹಗಲಿಗೆ ಲಾರೆನ್ಸ್ ಸಹೋದರನನ್ನು ಇಟ್ಟುಕೋ. ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಅಡುಗೆಮನೆ ಕೆಲಸ ಅವನದು. ಮೊದಲು ಸಿಪಾಯಿ, ಕಾಲು ಊನ, ಅಡುಗೆ ಕಂಡರೆ ಆಗದು. 1691ರಲ್ಲಿ ತೀರಿಕೊಂಡ. ಪಾತ್ರೆ ಸದ್ದಿನ ನಡುವೆಯೂ ಗುಡಿಯಲ್ಲಿ ಮೊಣಕಾಲೂರಿದಾಗ ಇರುವಷ್ಟೇ ಹತ್ತಿರ ದೇವರು ತನಗೆ ಇರ್ತಾನೆ ಅಂತ ಅವನ ಅನುಭವ. ಅದು ಒಂದು ದಿನಕ್ಕೆ ಬಂದದ್ದಲ್ಲ, ವರ್ಷಗಟ್ಟಲೆ ಮರೆತು ಮರೆತು ಮತ್ತೆ ನೆನಪು ಮಾಡಿಕೊಂಡು ಬಂದದ್ದು. ನಮ್ಮ ಮನೆಯಿಂದ ಹೊಳೆಗೆ ಒಂದು ಕಾಲುದಾರಿ ಇತ್ತು, ನೋಡಿದ್ದೀಯಾ?

ಕಿರಿಯಾಕೆ: ಇಲ್ವಲ್ಲ. ಎಲ್ಲಿ?

ಹಿರಿಯಾಕೆ: ಅದೇ. ಬೋರ್‌ವೆಲ್ ಬಂದ ಮೇಲೆ ಯಾರೂ ನಡೆಯಲಿಲ್ಲ. ಒಂದೇ ಮಳೆಗಾಲಕ್ಕೆ ಮುಚ್ಚಿಹೋಯಿತು. ಹೊಳೆ ಎಲ್ಲಿಗೂ ಹೋಗಲಿಲ್ಲ ಮಾರಾಯ್ತಿ, ಅಲ್ಲೇ ಉಂಟು.

(ಬೀಜ ಬೆಂದ ವಾಸನೆ. ಹಿರಿಯಾಕೆ ಕಡ್ಡಿಯಿಂದ ಒಂದೊಂದನ್ನೇ ಈಚೆಗೆ ಉರುಳಿಸಿ, ಕೈಯಿಂದ ಕೈಗೆ ಆಡಿಸುತ್ತಾ ಸಿಪ್ಪೆ ಬಿಡಿಸಿ ಹುಡುಗಿಗೆ ಕೊಡುತ್ತಾರೆ.)

ಹಿರಿಯಾಕೆ: ಈ ಕೆಂಡ ನೋಡಿದಾಗೆಲ್ಲ ನನಗೆ ಪೇತ್ರ ನೆನಪಾಗ್ತಾನೆ. ಯೊವಾನ್ನನ ಸುವಾರ್ತೆಯಲ್ಲಿ ಎರಡು ಕಡೆ ಕೆಂಡದ ಬೆಂಕಿ ಬರುತ್ತದೆ, ಅದಕ್ಕೆ ಗ್ರೀಕಿನಲ್ಲಿ ಒಂದು ವಿಶೇಷ ಪದ ಉಂಟಂತೆ. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಪದ ಇನ್ನೆಲ್ಲೂ ಇಲ್ಲ. ಒಂದು, ಮಹಾಯಾಜಕನ ಅಂಗಳದಲ್ಲಿ. ಚಳಿಗೆ ಪೇತ್ರ ಬೆಂಕಿ ಕಾಯಿಸಿದ, ಯೇಸುವನ್ನು ನಾನು ಅರಿಯೆ ಅಂತ ಮೂರು ಸಲ ಹೇಳಿದ ಜಾಗ.

ಕಿರಿಯಾಕೆ: ಇನ್ನೊಂದು ಇಪ್ಪತ್ತೊಂದನೇ ಅಧ್ಯಾಯದಲ್ಲಿ. ಕೆರೆ ದಡದಲ್ಲಿ, ಬೆಳಿಗ್ಗೆ. ಯೇಸು ಎದ್ದು ಬಂದ ಮೇಲೆ ಮೀನು, ರೊಟ್ಟಿ ಸುಟ್ಟು ಇಟ್ಕೊಂಡು ಕಾಯ್ತಿರ್ತಾನೆ. ಓದಿದ್ದೀನಿ. ಆದ್ರೆ ಕೆಂಡಕ್ಕೆ ಕೆಂಡ ಜೋಡಿಸಿರಲಿಲ್ಲ.

ಹಿರಿಯಾಕೆ: ಬೈದನಾ ಅವನು? ಇಲ್ಲ. ಮೊದಲು ತಿಂಡಿ ಕೊಟ್ಟ. ಹೊಟ್ಟೆ ತುಂಬಿದ ಮೇಲೆ, ಅದೇ ಥರದ ಕೆಂಡದ ಮುಂದೆ, ನನ್ನ ಮೇಲೆ ಪ್ರೀತಿ ಉಂಟಾ ಅಂತ ಮೂರು ಸಲ ಕೇಳಿದ. ಇಲ್ಲ ಅಂದದ್ದೂ ಮೂರು ಸಲ, ಹೌದು ಅನ್ನಲಿಕ್ಕೆ ಅವಕಾಶವೂ ಮೂರು ಸಲ. ಪ್ರತಿ ಸಲ ಪೇತ್ರ ಹೌದು ಅಂದಾಗ ಅವನು ಎಂತ ಹೇಳಿದ?

ಕಿರಿಯಾಕೆ: ತನ್ನ ಕುರಿಗಳನ್ನ ಮೇಯಿಸು, ನೋಡ್ಕೋ ಅಂತ.

ಹಿರಿಯಾಕೆ: ನನ್ನನ್ನು ನೋಡಿಕೊಂಡು ಇಲ್ಲೇ ಕೂತಿರು ಅನ್ನಲಿಲ್ಲ. ಪ್ರೀತಿ ಅವನ ಮೇಲೆ, ಕೆಲಸ ಮಾತ್ರ ಬೇರೆಯವರ ಮನೆಬಾಗಿಲಲ್ಲಿ. ಅಲ್ಲಿಗೆ ಬಂದಾಗ ನನ್ನ ಸಲಿಗೆಯೆಲ್ಲ ಪರೀಕ್ಷೆಗೆ ಬೀಳ್ತದೆ. ನನ್ನವರು ಒಳ್ಳೆಯ ಮನುಷ್ಯ, ಯಾರ ಕೂಲಿಯನ್ನೂ ತಿಂದವರಲ್ಲ. ಆದರೂ ಲೈನ್ ಮನೆಯವರು ಯಾರೇ ಬಂದರೂ, ಅಪ್ಪನ ವಯಸ್ಸಿನವರಿದ್ದರೂ, "ಏನೋ", "ಬಾರೇ". ನಾನೂ ಹಾಗೇ. ಮಳೆಗಾಲದ ಒಂದು ದಿನ ಒಬ್ಬ ಮುದುಕಿಗೆ "ಅಲ್ಲೇ ನಿಂತ್ಕೊ" ಅಂತ ಹೇಳಿ ಒಳಗೆ ಬಂದು ಆಲ್ತಾರಿನ ಮುಂದೆ "ತೂಂ" ಅಂತ ಬಾಯಿ ತೆರೆದೆ. ಮಾತು ಮುಂದೆ ಹೋಗಲಿಲ್ಲ. ಇವನಿಗೂ ಏಕವಚನ, ಅವಳಿಗೂ ಏಕವಚನ. ಒಂದು ಪ್ರೀತಿಗೆ, ಇನ್ನೊಂದು ಎಂತಕ್ಕೆ? ಹಸಿದವರಿಗೆ ಕೊಟ್ಟದ್ದು ನನಗೇ ಕೊಟ್ಟದ್ದು ಅಂದವನು, ಅವರನ್ನು ಕರೆದ ಹಾಗೆಯೇ ನನ್ನನ್ನೂ ಕರೆದೆ ಅಂತ ಲೆಕ್ಕ ಹಿಡಿದರೆ?

(ಹುಡುಗಿ ಕೈಯಲ್ಲಿದ್ದ ಬೀಜವನ್ನು ತಿನ್ನದೆ ಹಿಡಿದುಕೊಂಡಿದ್ದಾಳೆ.)

ಹಿರಿಯಾಕೆ: ಎಂತ ಆಯ್ತು? ಬೇಯಲಿಲ್ಲವಾ?

ಕಿರಿಯಾಕೆ: ಬೆಂದಿದೆ. ಅಮ್ಮಾ, ಆ ವೋಚರನ್ನ ನಾನು ಬರೆದು ಇಟ್ಕೋಬಹುದಿತ್ತು. ಸರ್ವರ್ ಬಂದ ಮೇಲೆ ಹಾಕಿದ್ರೆ ಆಗ್ತಿತ್ತು. ನಂಗೆ ಮನೆಗೆ ಬರೋ ಅವಸರ.

ಹಿರಿಯಾಕೆ: ಹೂಂ.

ಕಿರಿಯಾಕೆ: ಮೂರು ಸಲ ಕೇಳಿದ್ರು. ಮೂರು ಸಲವೂ ಆಗಲ್ಲ ಅಂದೆ.

(ಹಿರಿಯಾಕೆ ಏನೂ ಹೇಳದೆ ಕೆಂಡಗಳನ್ನು ಒಟ್ಟಿಗೆ ಗುಡ್ಡೆ ಮಾಡಿ, ಬೆಳಗಿನವರೆಗೆ ಉಳಿಯಲೆಂದು ಬೂದಿ ಮುಚ್ಚುತ್ತಾರೆ.)

ಕಿರಿಯಾಕೆ: ನಾಳೆ ಬರ್ತಾರಾ ಅವರು? ಈ ಮಳೇಲಿ?

ಹಿರಿಯಾಕೆ: ಯಾರು?

ಕಿರಿಯಾಕೆ: ಆ ಅಜ್ಜಿ. ಪಾಸ್‌ಬುಕ್ ತಂದಿದ್ದವರು.

ಹಿರಿಯಾಕೆ: ಬರ್ತಾರೆ. ನಾಲ್ಕು ಬೀಜ ಕಾಗದದಲ್ಲಿ ಕಟ್ಟಿಡ್ತೇನೆ, ಹೋಗುವಾಗ ತಗೊಂಡು ಹೋಗು.